ಸೈಕಲ್ ರೇಟು ಕೇಳುವ ಮುಂಚೆ

ಆಫೀಸಿನ ಹುಡುಗನೊಬ್ಬ ಹೊಸದಾಗಿ ಸೈಕಲ್ ಶುರು ಮಾಡಬೇಕಂತೆ. ನಿನ್ನೆ ರಾತ್ರಿ ಎರಡು ಫೋಟೊ ಕಳಿಸಿದ. ಒಂದು 18 ಸಾವಿರದ್ದು, ಇನ್ನೊಂದು 65 ಸಾವಿರದ್ದು. ‘ಸರ, ಯಾವುದು ತಗೊಳ್ಳಲ್ರಿ?’ ನಾನು ‘ನಿನ್ನ ಎತ್ತರ ಎಷ್ಟಪಾ?’ ಅಂದೆ. ತಮಾಷೆ ಅಂದುಕೊಂಡು ನಗುವ ಚಿತ್ರ ಹಾಕಿದ.

ಮೂರು ವರ್ಷದ ಹಿಂದೆ ನಾನೂ ರೇಟು ನೋಡಿಯೇ ಕೊಂಡವನು. ದಪ್ಪ ಟೈರು, ಮುಂದೆ ಸಸ್ಪೆನ್ಶನ್, 21 ಗಿಯರ್. ‘ನಮ್ಮ ರೋಡಿಗೆ ಇದೇ ಬೇಕ್ರಿ’ ಅಂದರು ಅಂಗಡಿಯವರು. ಸೈಜಿನ ಮಾತೇ ಬರಲಿಲ್ಲ. ಅವರ ಹತ್ತಿರ ಇದ್ದದ್ದೇ ಒಂದು ಸೈಜು ಅಂತ ಆಮೇಲೆ ತಿಳಿಯಿತು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ಬಸ್ಸಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ಧಾರವಾಡ ಮೇಲಿದೆ. ನವಲೂರು ದಾಟುವಷ್ಟರಲ್ಲಿ ಮೊಣಕಾಲಿನ ಮುಂಭಾಗ ಚುಚ್ಚಲು ಶುರು. ಎದ್ದು ನಿಂತು ತುಳಿದರೆ ಸಸ್ಪೆನ್ಶನ್ ಕುಪ್ಪಳಿಸುತ್ತಿತ್ತೇ ಹೊರತು ಗಾಡಿ ಮುಂದೆ ಹೋಗುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡೆ.

ಟೋಲ್ ನಾಕಾ ಹತ್ತಿರ ಪಂಕ್ಚರ್ ಹಾಕುವ ಅಜ್ಜ ನನ್ನನ್ನು ಸೀಟಿನ ಮೇಲೆ ಕೂರಿಸಿ, ‘ಹಿಮ್ಮಡ ಪೆಡಲ್ ಮ್ಯಾಲ ಇಡ್ರಿ’ ಅಂದ. ಪೆಡಲ್ ತೀರಾ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ನನ್ನದು ಮಡಚಿಕೊಂಡೇ ಇತ್ತು. ಅಜ್ಜ ಸೀಟಿನ ಪೈಪು ಏರಿಸುತ್ತ ಹೋದ. ಇದಕ್ಕಿಂತ ಮೇಲೆ ಎಳೆಯಬಾರದು ಅಂತ ಒಂದು ಗೆರೆ ಇರುತ್ತದಲ್ಲ, ಅದೂ ಬಂತು. ಇನ್ನೂ ಎರಡು ಬೆರಳು ಬೇಕಿತ್ತು. ‘ಗಾಡಿ ಸಣ್ಣದಾತ್ರಿ ನಿಮಗ.’ ಅರ್ಧ ನೋವು ಆ ವಾರ ಇಳಿಯಿತು, ಉಳಿದರ್ಧ ಸೈಕಲ್ ಮಾರಿದ ಮೇಲೆ. (‘ಗಿಯರ್ ಎಲ್ಲಾ ದಂಡ’ ಅಂತಲೂ ಅಜ್ಜ ಹೇಳಿದ. ಅದನ್ನು ಒಪ್ಪುವುದಿಲ್ಲ. ಯುನಿವರ್ಸಿಟಿ ಏರು ಹತ್ತಲಿ ನೋಡೋಣ.)

ದಪ್ಪ ಟೈರಾದರೂ ಉಪಯೋಗಕ್ಕೆ ಬಂತಾ? ಮಳೆಗಾಲದಲ್ಲಿ ಹೆಬ್ಬಳ್ಳಿ ಕಡೆ ಹೊಲದ ದಾರಿಗೆ ಇಳಿದಿದ್ದೆ. ಎರೆಮಣ್ಣು ಬ್ರೇಕಿಗೂ ಟೈರಿಗೂ ನಡುವೆ ಕಣಕದ ಹಾಗೆ ಮೆತ್ತಿ ಗಾಲಿ ನಿಂತೇ ಹೋಯಿತು. ಕಡ್ಡಿಯಲ್ಲಿ ಕೆರೆದು ಸಾಕಾಗಿ, ಹೆಗಲ ಮೇಲೆ ಹೊತ್ತುಕೊಂಡು ಡಾಂಬರು ಮುಟ್ಟಿದೆ.

ಹಾಗಂತ ದುಬಾರಿ ಸಾಮಾನೆಲ್ಲ ಸುಮ್ನೆ ಅನ್ನುವವರ ಜೊತೆಗೂ ನಾನಿಲ್ಲ. 1972ರಲ್ಲಿ ಬೆಲ್ಜಿಯಂನ ಸೈಕಲ್ ರೇಸುಗಾರ ಎಡ್ಡಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದರು. 1996ರಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ವಿಶೇಷ ಸೈಕಲ್ಲಿನ ಮೇಲೆ ಕೈ ಮುಂದಕ್ಕೆ ಚಾಚಿ 56.375 ಮುಟ್ಟಿದರು. 2000ದಲ್ಲಿ ಅದೇ ಬೋರ್ಡ್‌ಮನ್ ಮರ್ಕ್ಸ್ ಕಾಲದಂಥ ಸೈಕಲ್ ಹತ್ತಿದಾಗ ಬಂದದ್ದು 49.441. ಮರ್ಕ್ಸ್‌ಗಿಂತ ಹತ್ತೇ ಮೀಟರ್ ಜಾಸ್ತಿ! ಆದರೆ ಅದೆಲ್ಲ ಗಾಳಿ ಸೀಳುವ ಲೆಕ್ಕ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಉಣಕಲ್ ಕೆರೆ ಪಕ್ಕ ಗಂಟೆಗೆ 18ರಲ್ಲಿ, ಮಾತಾಡುತ್ತ ಹೋಗುವ ನಮಗೆ ಅದು ಯಾವ ಲೆಕ್ಕ?

ಈಗಿನದು ಹೈಬ್ರಿಡ್, ಅಂದರೆ ರೇಸಿನ ಸೈಕಲ್ಲಿಗೂ ದಪ್ಪ ಟೈರಿನದಕ್ಕೂ ನಡುವಿನದು. ಸಸ್ಪೆನ್ಶನ್ ಇಲ್ಲ, 35 ಎಂ.ಎಂ. ಟೈರು, 24 ಸಾವಿರ. ಮೇಲೆ ಹೆಲ್ಮೆಟ್, ಹಿಂದಿನ ಕೆಂಪು ಲೈಟು, ಪಂಪು, ಪ್ಯಾಡ್ ಇರುವ ಚಡ್ಡಿ. ಚಡ್ಡಿಗೆ ಮಾತ್ರ ಜಿಪುಣತನ ಮಾಡಬೇಡಿ, ನನ್ನ ಮಾತು ಕೇಳಿ.

ಹುಡುಗ ಬೆಳಿಗ್ಗೆ ಉತ್ತರ ಕಳಿಸಿದ್ದಾನೆ. ಎತ್ತರ 5 ಅಡಿ 3 ಇಂಚು. 65 ಸಾವಿರದ್ದರಲ್ಲಿ ಅವನ ಸೈಜು ಸದ್ಯಕ್ಕಿಲ್ಲವಂತೆ, ‘ಸೀಟು ಇಳಿಸಿ ಕೊಡ್ತೀವ್ರಿ’ ಅಂದಿದ್ದಾರಂತೆ ಅಂಗಡಿಯವರು. ಭಾನುವಾರ ನಾನೂ ಜೊತೆಗೆ ಹೋಗುತ್ತಿದ್ದೇನೆ.