ಸತ್ಯಾಂಶ: ಬೆರಳಿಗೆ ಸೂಜಿ ಚುಚ್ಚಿದರೆ ಮಿದುಳಿನ ಊತ ಇಳಿಯುತ್ತಾ?

ಸ್ಟ್ರೋಕ್ ಆದವರ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಮಿದುಳಿನ ಒತ್ತಡ ಇಳಿಯುತ್ತದೆ ಎನ್ನುವ ಮೆಸೇಜ್ ಬರುತ್ತಲೇ ಇರುತ್ತದೆ. ಅದು ತಪ್ಪು. ಊತ ಇರುವುದು ಗಟ್ಟಿ ತಲೆಬುರುಡೆಯೊಳಗೆ. ನಾಲ್ಕು ಹನಿ ರಕ್ತಕ್ಕೆ ಅದು ಇಳಿಯುವುದಿಲ್ಲ. ಸುಮ್ನೆ ಹೊತ್ತು ಹೋಗುತ್ತದೆ, ಆ ಹೊತ್ತಲ್ಲಿ ಆಂಬುಲೆನ್ಸ್ ಕರೆಯಬಹುದಿತ್ತು.

ದೊಡ್ಡ ಸ್ಟ್ರೋಕ್‌ನಲ್ಲಿ ಊತ ಸಾಮಾನ್ಯವಾಗಿ 2ರಿಂದ 5ನೇ ದಿನದೊಳಗೆ ಜಾಸ್ತಿಯಾಗುತ್ತದೆ. ಮೊದಲ ದಿನ ಮಾತಾಡಿದವರು ಮೂರನೇ ದಿನ ಎಬ್ಬಿಸಿದರೂ ಕಣ್ಣು ಬಿಡದಿರಬಹುದು. ಆಗ ಊತ ಇಳಿಸಲು ಮ್ಯಾನಿಟಾಲ್ ಎಂಬ ಔಷಧ ಅಥವಾ ಗಾಢ ಉಪ್ಪುನೀರಿನ ಡ್ರಿಪ್ ಕೊಡುತ್ತಾರೆ. ಕೆಲವರಿಗೆ ತಲೆಬುರುಡೆಯ ಒಂದು ಭಾಗ ತೆಗೆದು ಮಿದುಳಿಗೆ ಜಾಗ ಮಾಡಿಕೊಡುತ್ತಾರೆ. ಸೂಕ್ತ ರೋಗಿಗಳಿಗೆ 48 ಗಂಟೆಯೊಳಗೆ ಇದನ್ನು ಮಾಡಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ಇಂಥ ಮೆಸೇಜ್ ಕಳಿಸುವವರದ್ದು ಕಾಳಜಿಯೇ, ಅಲ್ವಾ? ಆದರೂ ಬರೆದವರು ಯಾರು, ಯಾವಾಗ ಬರೆದದ್ದು ಅಂತ ನೋಡಿ. ಸ್ಟ್ರೋಕ್ ಚಿಕಿತ್ಸೆಯ ಮಾರ್ಗಸೂಚಿಗಳಲ್ಲಿ ಹುಡುಕಿ, ನಿಮ್ಮ ಡಾಕ್ಟರನ್ನೂ ಕೇಳಿ.