ಫ್ಯೂಸ್ ಜಾಗಕ್ಕೆ ತಂತಿ ಯಾಕ್ರೀ?

ಸೆಕೆಂಡ್ ಹ್ಯಾಂಡ್ ಮಲ್ಟಿಮೀಟರ್ (ವೋಲ್ಟ್, ಆಂಪ್, ಓಮ್ ಅಳೆಯುವ ಮೀಟರ್) ತಂದು ಹಿಂದಿನ ಮುಚ್ಚಳ ಬಿಚ್ಚಿದರೆ ಎಷ್ಟೋ ಸಲ ಇದೇ ಕಥೆ. ಫ್ಯೂಸ್ ಇರಬೇಕಾದ ಕಡೆ ತಾಮ್ರದ ತಂತಿ ಬೆಸುಗೆ ಹಾಕಿರುತ್ತಾರೆ. ಇಲ್ಲವೇ ಯಾವುದೋ ರೇಡಿಯೊದಿಂದ ಕಿತ್ತ ಗಾಜಿನ ಫ್ಯೂಸ್ ತುರುಕಿರುತ್ತಾರೆ. ನೋಡಿದರೆ ಮೈ ಉರಿಯುತ್ತದೆ.

ಫ್ಲೂಕ್ ಕಂಪನಿಯ 87-5 ಮೀಟರನ್ನೇ ತಗೊಳ್ಳಿ. ಅದಕ್ಕೆ 440 ಮಿಲಿಆಂಪ್‌ನದೊಂದು, 11 ಆಂಪ್‌ನದೊಂದು ಫ್ಯೂಸ್ ಬೇಕು. ಎರಡೂ 1000 ವೋಲ್ಟ್ ತಡೆಯುವಂಥವು. ಇಂಥ ಫ್ಯೂಸಿನ ಕೊಳವೆಯೊಳಗೆ ಮರಳು ತುಂಬಿರುತ್ತದೆ. ಎಳೆ ಸುಟ್ಟಾಗ ಹೊತ್ತುವ ಕಿಡಿಯನ್ನು ಆ ಮರಳೇ ನುಂಗಿ ಆರಿಸುತ್ತದೆ. ಗಾಜಿನ ಫ್ಯೂಸಿಗೆ ಆ ತಾಕತ್ತಿಲ್ಲ. ಕರೆಂಟ್ ಜಾಸ್ತಿ ನುಗ್ಗಿದರೆ ಒಡೆದು ಸಿಡಿಯಬಹುದು. ತಂತಿಯ ಮಾತಂತೂ ಬೇಡ.

ಪ್ರೋಬ್, ಅಂದರೆ ಮೀಟರಿನ ತಂತಿ, ಕರೆಂಟ್ ಅಳೆಯುವ ಆಂಪ್ ತೂತಿನಲ್ಲೇ ಉಳಿದಿದೆ ಅಂದುಕೊಳ್ಳಿ. ವೋಲ್ಟೇಜ್ ನೋಡಲು ಹೋಗಿ 230 ವೋಲ್ಟ್ ಲೈನಿಗೆ ಮುಟ್ಟಿಸಿದರೆ ನೇರ ಶಾರ್ಟ್. ಆಗ ಕೈ, ಕಣ್ಣು ಉಳಿಸಬೇಕಾದದ್ದು ಆ ಫ್ಯೂಸ್ ಅಲ್ವಾ? ಕಲಿಯುವ ಹುಡುಗರು ಇಂಥ ತಪ್ಪು ಮಾಡೇ ಮಾಡುತ್ತಾರೆ, ಹಳೇ ಮೀಟರ್ ಕೊಳ್ಳುವವರೂ ಹೆಚ್ಚಾಗಿ ಅವರೇ.

ಅಸಲಿ ಫ್ಯೂಸಿನ ದುಡ್ಡಿಗೆ ಒಂದು ಅಗ್ಗದ ಮೀಟರೇ ಬರುತ್ತದೆ, ಒಪ್ಪುತ್ತೇನೆ. ದುಬಾರಿ ಅನಿಸಿದರೆ ಆ ಜಾಗ ಖಾಲಿ ಬಿಡಿ. ವೋಲ್ಟ್, ಓಮ್ ಹೇಗೂ ಅಳೆಯಬಹುದು. ತಂತಿ ಹಾಕಿ ‘ಎಲ್ಲಾ ಸರಿ ಇದೆ’ ಅಂತ ಮಾರಬೇಡಿ. ಕೊಳ್ಳುವವರಿಗೆ ಹೊರಗಿಂದ ಗೊತ್ತೇ ಆಗುವುದಿಲ್ಲ. ಕರೆಂಟ್ ದಾರಿ ಕಡಿದಿಲ್ಲ ಅಂತ ತೋರಿಸುವ ಬೀಪ್ ಪರೀಕ್ಷೆ ಮಾಡಿದರೂ ತಂತಿ, ಫ್ಯೂಸ್ ಎರಡೂ ಒಂದೇ ಥರ ಕೂಗುತ್ತವೆ.