ಫೋನಿನ ಭ್ರಾಮರಿ ಪ್ರಾಣಾಯಾಮ

ಹಿಂದಿನ ಶಾನುಭೋಗರ ಹತ್ತಿರ ಇದ್ದದ್ದು ಬಟ್ಟೆಯಲ್ಲಿ ಕಟ್ಟಿದ ಲೆಕ್ಕದ ಗಂಟು. ಬಿಚ್ಚಿದರೆ ಆಫೀಸು, ಕಟ್ಟಿದರೆ ಮನೆ. ಆ ಗಂಟು ರಾತ್ರಿ ಹತ್ತಕ್ಕೆ ತಾನಾಗಿ ಬಾಯಿ ಬಿಟ್ಟು ‘ಇವತ್ತಿನ ಪ್ರಗತಿ ಶೇಕಡಾ ಎಷ್ಟು?’ ಎಂದು ಕೇಳಿದ್ದು ಯಾವ ದಫ್ತರದಲ್ಲೂ ದಾಖಲಾಗಿಲ್ಲ.

ಅವರ ಜಾಗಕ್ಕೆ ಬಂದ ಗ್ರಾಮ ಆಡಳಿತ ಅಧಿಕಾರಿಗಳು (ಊರವರ ಬಾಯಲ್ಲಿ ‘ವಿಎ’) 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಕೂತರು. ದೂರುಗಳಲ್ಲೊಂದು: 17ಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ದುಡಿಸುತ್ತಿದ್ದಾರೆ. ಬಗರ್ ಹುಕುಂಗೊಂದು, ಸರ್ಕಾರಿ ಜಮೀನಿನ ಮೇಲೆ ಕಣ್ಣಿಡುವ ಲ್ಯಾಂಡ್ ಬೀಟ್‌ಗೊಂದು, ಬೆಳೆ ಸಮೀಕ್ಷೆಗೊಂದು.

ಆ್ಯಪ್ ಪರವಾಗಿಲ್ಲ, ತೆರೆದರೆ ಮಾತ್ರ ಕಾಡುತ್ತದೆ. ವಾಟ್ಸ್ಯಾಪ್ ಗ್ರೂಪು ಹಾಗಲ್ಲ. ತಾಲ್ಲೂಕಿನದೊಂದು, ಹೋಬಳಿಯದೊಂದು, ಚುನಾವಣೆಯದೊಂದು. (ಚುನಾವಣೆ ಮುಗಿದಿದೆ, ಗ್ರೂಪು ಮುಗಿದಿಲ್ಲ.) ಸಾಹೇಬರು ‘ಅತಿ ಜರೂರು’ ಎಂದು ಹಾಕುತ್ತಾರೆ. ನಲವತ್ತು ಜನ ‘ಓಕೆ ಸರ್’ ಅನ್ನುತ್ತಾರೆ. ನಲವತ್ತು ಸಲ ಟಿಣ್. ಎದುರಿಗೆ ವಿಧವಾ ವೇತನದ ಅರ್ಜಿ ಹಿಡಿದು ನಿಂತ ಹೆಂಗಸನ್ನು ನಮ್ಮೂರಿನ ವಿಎ ಕೇಳುತ್ತಾರೆ:

‘ಎಲ್ಲಿಗ್ ಬಂದಿದ್ವಿ ಅಮ್ಮ?’

‘ನಮ್ಮ ಯಜಮಾನ್ರು ಸತ್ತಲ್ಲಿಗೆ ಸ್ವಾಮಿ. ಇದು ಮೂರನೇ ಸಲ.’

ಇಂಥ ಚೆದುರಿದ ಮನಸ್ಸಿಗೆ ದಿಲ್ಲಿಯಲ್ಲಿ ಮದ್ದಿದೆ. ಆಯುಷ್ ಸಚಿವಾಲಯ 2021ರ ಸೆಪ್ಟೆಂಬರ್‌ನಲ್ಲಿ ‘ವೈ-ಬ್ರೇಕ್’ ಹೊರತಂದಿತು; ಕೇಂದ್ರದ ನೌಕರರಲ್ಲಿ ಇದರ ಪ್ರಚಾರ ಆಗಲಿ ಎಂದು ಸುತ್ತೋಲೆಯೂ ಹೊರಟಿತು. ಕೆಲಸದ ನಡುವೆ 5 ನಿಮಿಷ ತಾಡಾಸನ, ನಾಡಿಶೋಧನ, ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ, ಕೊನೆಗೆ ಧ್ಯಾನ. ಆಸನಗಳ ಬಗ್ಗೆ ನನ್ನದೇನೂ ತಕರಾರಿಲ್ಲ, ಬೆನ್ನುನೋವು ನನಗೂ ಇದೆ. ಆದರೆ ಅದು ಬಂದದ್ದೂ ಆ್ಯಪ್ ಆಗಿಯೇ! ಹೆಂಡದ ಅಮಲು ಇಳಿಯಲಿ ಅಂತ ಹೆಂಡದಂಗಡಿಯಲ್ಲೇ ಮಜ್ಜಿಗೆ ಇಟ್ಟ ಹಾಗೆ.

ದಯವಿಟ್ಟು ಅದನ್ನು ನಮ್ಮ ನಾಡಕಚೇರಿಗೆ ಮಾತ್ರ ಕಳಿಸಬೇಡಿ. ಬಂದ ಮರುದಿನವೇ ನಮೂನೆ ಬರುತ್ತದೆ. ಧ್ಯಾನಕ್ಕೆ ಕೂತ ಜಿಪಿಎಸ್ ಫೋಟೋ ಹಾಕಿ, ಅದರಲ್ಲಿ ಕಣ್ಣು ಮುಚ್ಚಿರತಕ್ಕದ್ದು. ಹೋಬಳಿವಾರು ನೆಮ್ಮದಿಯನ್ನು ಸಂಜೆ ಐದರೊಳಗೆ ಅಪ್‌ಲೋಡ್ ಮಾಡಿ. ಸರ್ವರ್ ಸುತ್ತುತ್ತಿದ್ದರೆ ದೀರ್ಘವಾಗಿ ಉಸಿರೆಳೆದುಕೊಳ್ಳಿ. ಅಪ್ಪಿತಪ್ಪಿ ಯಾರಾದರೂ ನಿಜವಾಗಿ ಶೂನ್ಯ ಸ್ಥಿತಿಗೆ ತಲುಪಿಬಿಟ್ಟರೆ, ಶೂನ್ಯ ಪ್ರಗತಿ ಎಂದು ಕಾರಣ ಕೇಳಿ ನೋಟಿಸ್.

ಸದ್ಯ ನಮ್ಮ ವಿಎ ಫೋನನ್ನು ವೈಬ್ರೇಟ್‌ಗೆ ಹಾಕಿ ಮೇಜಿನ ಮೇಲಿಟ್ಟಿದ್ದಾರೆ. ಅದು ಭ್ರಾಮರಿ ಮಾಡುತ್ತಾ ಮಾಡುತ್ತಾ ಆ ಹೆಂಗಸಿನ ಅರ್ಜಿಯ ಮೇಲೆ ಹತ್ತುತ್ತಿದೆ.